ಅಭ್ಯಾಸದ ಕೋಣೆಯಲ್ಲೇ ತೀರ್ಮಾನವಾಗುವ ಹಾಡು: ಸ್ವತಂತ್ರ ರಾಕ್ ಬ್ಯಾಂಡ್‌ನ ಸಂಗೀತ, ರೆಕಾರ್ಡಿಂಗ್ ಮತ್ತು ವೇದಿಕೆ

ಸ್ವಂತ ಹಾಡುಗಳನ್ನು ಕಟ್ಟಿ ನುಡಿಸುವ ರಾಕ್ ಬ್ಯಾಂಡೊಂದನ್ನು ಮುಂದಿನ ಯೋಜನೆಯೇನೆಂದು ಕೇಳಿದರೆ ಸಾಮಾನ್ಯವಾಗಿ ಮೂರು ಮಾತುಗಳು ಉತ್ತರವಾಗಿ ಬರುತ್ತವೆ: ಹೊಸ ಹಾಡುಗಳು ಸಿದ್ಧವಾಗುತ್ತಿವೆ, ಅವುಗಳನ್ನು ರೆಕಾರ್ಡ್ ಮಾಡಬೇಕು, ಆಮೇಲೆ ಕಾರ್ಯಕ್ರಮಗಳನ್ನು ಕೊಡಬೇಕು. ಹೊರಗಿನಿಂದ ನೋಡುವವರಿಗೆ ಇವು ಒಂದರ ಹಿಂದೊಂದು ಬರುವ ಮೂರು ಬೇರೆ ಬೇರೆ ಕೆಲಸಗಳಂತೆ ಕಾಣುತ್ತವೆ. ವಾಸ್ತವದಲ್ಲಿ ಇವು ಒಂದೇ ಹಗ್ಗದ ಮೂರು ಎಳೆಗಳು. ಹಾಡನ್ನು ಯಾವ ಶ್ರುತಿಯಲ್ಲಿ ಕಟ್ಟಿಕೊಳ್ಳಬೇಕೆಂದು ಅಭ್ಯಾಸದ ಕೋಣೆಯಲ್ಲಿ ಮಾಡಿದ ಒಂದು ಸಣ್ಣ ತೀರ್ಮಾನವು, ರೆಕಾರ್ಡಿಂಗ್ ದಿನ ಗಾಯಕರ ಗಂಟಲು ಎಷ್ಟು ಹೊತ್ತು ತಾಳುತ್ತದೆ ಎಂಬುದನ್ನೂ, ವೇದಿಕೆಯಲ್ಲಿ ಅದೇ ಹಾಡನ್ನು ಎಂಟನೆಯದಾಗಿ ಹಾಡಲು ಸಾಧ್ಯವೇ ಎಂಬುದನ್ನೂ ಮೊದಲೇ ನಿರ್ಧರಿಸಿಬಿಟ್ಟಿರುತ್ತದೆ. ಮಿಕ್ಸಿಂಗ್ ವೇಳೆಗೆ, ಅಂದರೆ ರೆಕಾರ್ಡ್ ಆದ ಧ್ವನಿಗಳನ್ನು ಒಂದಾಗಿ ಹೊಂದಿಸುವಾಗ, ನೋಡಿಕೊಳ್ಳೋಣ ಎಂದು ಮುಂದೂಡಿದ ತೊಂದರೆಗಳಲ್ಲಿ ಹೆಚ್ಚಿನವು ಅಲ್ಲಿ ಸರಿಹೋಗುವುದಿಲ್ಲ, ಏಕೆಂದರೆ ಅವುಗಳ ಬೇರು ಇರುವುದು ಅಭ್ಯಾಸದ ಕೋಣೆಯಲ್ಲಿ.

‘ಸ್ವತಂತ್ರ’ ಎಂಬ ಮಾತನ್ನು ಮೊದಲು ಬಿಡಿಸಿಕೊಳ್ಳುವುದು ಒಳ್ಳೆಯದು. ರೆಕಾರ್ಡ್ ಕಂಪನಿಯೊಂದು ಬ್ಯಾಂಡನ್ನು ತನ್ನ ತೆಕ್ಕೆಗೆ ತೆಗೆದುಕೊಂಡಾಗ ಸ್ಟುಡಿಯೊ ಖರ್ಚು, ಮುದ್ರಿಕೆಗಳ ತಯಾರಿ, ಹಂಚಿಕೆ, ಪ್ರಚಾರ ಇವುಗಳ ಹೊಣೆಯನ್ನು ತಾನು ಹೊತ್ತು, ಅದಕ್ಕೆ ಪ್ರತಿಯಾಗಿ ಮುದ್ರಿಕೆಯ ಒಡೆತನವನ್ನು ಅಥವಾ ಆದಾಯದ ದೊಡ್ಡ ಪಾಲನ್ನು ತಾನು ಇಟ್ಟುಕೊಳ್ಳುತ್ತದೆ. ಸ್ವತಂತ್ರ ಬ್ಯಾಂಡ್ ಈ ವಿನಿಮಯಕ್ಕೆ ಒಪ್ಪದೆ ಹೊಣೆ ಮತ್ತು ಒಡೆತನ ಎರಡನ್ನೂ ತನ್ನಲ್ಲೇ ಉಳಿಸಿಕೊಳ್ಳುತ್ತದೆ. ಎಲ್ಲವನ್ನೂ ತಾನೇ ಕೈಯಾರೆ ಮಾಡಬೇಕೆಂದು ಇದರ ಅರ್ಥವಲ್ಲ. ಸೌಂಡ್ ಎಂಜಿನಿಯರ್, ಹಾಡುಗಳಿಗೆ ಕೊನೆಯ ಒಪ್ಪ ಕೊಡುವ ಮಾಸ್ಟರಿಂಗ್ ಮಾಡುವವರು, ಮುಖಪುಟದ ಚಿತ್ರ ಬಿಡಿಸುವವರು ಹೊರಗಿನವರೇ ಆಗಿರಬಹುದು, ಆದರೆ ಅವರು ಮಾಡಿದ ಕೆಲಸಕ್ಕೆ ಸಂಭಾವನೆ ಪಡೆಯುತ್ತಾರೆಯೇ ಹೊರತು ಹಾಡಿನಲ್ಲಿ ಪಾಲು ಪಡೆಯುವುದಿಲ್ಲ. ಅಮೆರಿಕದ ಪ್ರಸಿದ್ಧ ರೆಕಾರ್ಡಿಂಗ್ ಎಂಜಿನಿಯರ್ ಸ್ಟೀವ್ ಆಲ್ಬಿನಿ 2024ರಲ್ಲಿ ತೀರಿಕೊಳ್ಳುವವರೆಗೂ ಈ ತತ್ವವನ್ನು ಬಿಡದೆ ಪಾಲಿಸಿದರು. ಎಷ್ಟೇ ಹೆಸರುವಾಸಿಯಾದ ಬ್ಯಾಂಡ್ ಬಂದರೂ ಮಾರಾಟದಲ್ಲಿ ರಾಯಲ್ಟಿ ಬೇಡವೆಂದು ಅವರು ಹೇಳುತ್ತಿದ್ದರು. ಕೊಳಾಯಿ ರಿಪೇರಿ ಮಾಡುವವರಿಗೆ ಕೊಡುವಂತೆ ತಮಗೂ ಒಂದು ನಿಗದಿತ ಸಂಭಾವನೆ ಸಾಕು ಎಂಬುದು ಅವರ ನಿಲುವಾಗಿತ್ತು.

ಈ ದಾರಿ ಇಂದಿನ ಇಂಟರ್ನೆಟ್ ಕಾಲದಲ್ಲಿ ಹುಟ್ಟಿದ್ದಲ್ಲ. ಮ್ಯಾಂಚೆಸ್ಟರಿನ ಬಝ್‌ಕಾಕ್ಸ್ ಬ್ಯಾಂಡ್ ಪರಿಚಯದವರಿಂದ ಸಾಲ ತಂದು, 1976ರ ಡಿಸೆಂಬರ್ ಕೊನೆಯಲ್ಲಿ ಕೆಲವೇ ಗಂಟೆಗಳಲ್ಲಿ ನಾಲ್ಕು ಹಾಡುಗಳನ್ನು ರೆಕಾರ್ಡ್ ಮಾಡಿ, 1977ರ ಜನವರಿಯಲ್ಲಿ ತನ್ನದೇ ಲೇಬಲ್ ಅಡಿ ಬಿಡುಗಡೆ ಮಾಡಿತು. ಪ್ರತಿ ಹಾಡು ಎಷ್ಟನೆಯ ಟೇಕ್ (ಎಷ್ಟನೆಯ ಸಲ ನುಡಿಸಿದ್ದು), ಅದಕ್ಕೆ ಆಮೇಲೆ ಏನಾದರೂ ಸೇರಿಸಲಾಗಿದೆಯೇ ಎಂಬುದನ್ನು ಹೊದಿಕೆಯ ಮೇಲೆಯೇ ಮುದ್ರಿಸಿದ್ದರು. ಕೆಲಸ ಹೇಗಾಯಿತೆಂದು ಕೇಳುಗರಿಗೆ ತೋರಿಸಿಬಿಡುವ ಆ ಪ್ರಾಮಾಣಿಕತೆ ಎಷ್ಟೋ ಹೊಸ ಬ್ಯಾಂಡ್‌ಗಳಿಗೆ ಧೈರ್ಯ ಕೊಟ್ಟಿತು. ವಾಷಿಂಗ್ಟನ್ ಡಿ.ಸಿ.ಯಲ್ಲಿ ಇಯಾನ್ ಮೆಕೈ ಮತ್ತು ಜೆಫ್ ನೆಲ್ಸನ್ 1980ರಲ್ಲಿ ಡಿಸ್ಕಾರ್ಡ್ ರೆಕಾರ್ಡ್ಸ್ ಆರಂಭಿಸಿದ್ದು, ಆಗಷ್ಟೇ ಚದುರಿಹೋದ ತಮ್ಮ ಬ್ಯಾಂಡ್ ಕಾರ್ಯಕ್ರಮಗಳಿಂದ ಕೂಡಿಟ್ಟಿದ್ದ ಹಣದಿಂದ. ಸದಸ್ಯರು ಆ ಹಣವನ್ನು ಹಂಚಿಕೊಳ್ಳಬಹುದಿತ್ತು. ಅದರ ಬದಲು ತಮ್ಮ ಹಾಡುಗಳ ಮುದ್ರಿಕೆಗೆ ಹಾಕಿದರು. ವೇದಿಕೆಯ ಗಳಿಕೆ ಮುದ್ರಿಕೆಗೆ, ಮುದ್ರಿಕೆಯ ಗಳಿಕೆ ಮುಂದಿನ ಮುದ್ರಿಕೆಗೆ ಎಂಬ ಈ ಸುತ್ತು ಇಂದಿಗೂ ಸ್ವತಂತ್ರ ಬ್ಯಾಂಡುಗಳ ಲೆಕ್ಕಪತ್ರದ ಆಧಾರವಾಗಿದೆ.

ಮೊದಲ ಸಲ ಕೇಳುವ ಕಿವಿ

ಬೇರೆಯವರ ಪ್ರಸಿದ್ಧ ಹಾಡುಗಳನ್ನು ನುಡಿಸುವ ತಂಡಕ್ಕೆ ಒಂದು ದೊಡ್ಡ ಅನುಕೂಲವಿದೆ: ಕೇಳುಗರ ಕಿವಿಯಲ್ಲಿ ಆ ಹಾಡು ಆಗಲೇ ಮನೆಮಾಡಿರುತ್ತದೆ. ಗಿಟಾರ್ ಒಂದು ಸ್ವರ ತಪ್ಪಿದರೂ, ಸಾಹಿತ್ಯ ಸರಿಯಾಗಿ ಕೇಳಿಸದಿದ್ದರೂ ನೆನಪು ಅದನ್ನು ತುಂಬಿಕೊಡುತ್ತದೆ. ಸ್ವಂತ ಹಾಡಿಗೆ ಈ ಆಸರೆಯಿಲ್ಲ. ನಾಲ್ಕು ನಿಮಿಷಗಳ ಒಳಗೆ ಹಾಡು ತನ್ನನ್ನು ತಾನೇ ಕೇಳುಗರಿಗೆ ಕಲಿಸಬೇಕು. ಎರಡನೆಯ ಬಾರಿ ಕೋರಸ್ ಬರುವ ಹೊತ್ತಿಗೆ ಅವರು ಅದನ್ನು ಗುರುತಿಸುವಂತಿರಬೇಕು. ಮೊದಲ ಸಲ ಕೇಳುವ ಕಿವಿ ಲಯವನ್ನು, ಗಾಯನವನ್ನು, ಜೊತೆಗೆ ಹೆಚ್ಚೆಂದರೆ ಒಂದು ರಿಫ್ ಅನ್ನು, ಅಂದರೆ ಮರುಕಳಿಸುವ ಚಿಕ್ಕ ಗಿಟಾರ್ ಧಾಟಿಯನ್ನು, ಹಿಡಿಯುತ್ತದೆ. ಆರು ಪದರಗಳಲ್ಲಿ ಅಡಗಿಸಿಟ್ಟ ಸೂಕ್ಷ್ಮಗಳು ಹತ್ತನೆಯ ಸಲ ಕೇಳುವವರಿಗಾಗಿ, ಮತ್ತು ಹತ್ತನೆಯ ಸಲ ಕೇಳುವವರು ಸಿಗಬೇಕಾದರೆ ಮೊದಲ ಸಲವೇ ಏನಾದರೂ ಕೈಗೆ ಸಿಕ್ಕಿರಬೇಕು.

ಆದ್ದರಿಂದ ಹಾಡು ಕಟ್ಟುವಾಗಿನ ಮುಖ್ಯ ಪ್ರಶ್ನೆ ಯಾವ ವಾದ್ಯ ಏನು ನುಡಿಸಬೇಕು ಎನ್ನುವುದಕ್ಕಿಂತ ಯಾವುದು ಯಾವಾಗ ಸುಮ್ಮನಿರಬೇಕು ಎನ್ನುವುದಾಗಿದೆ. ಇದಕ್ಕೆ ಭೌತಿಕವಾದ ಕಾರಣವೂ ಇದೆ. ಸಾಮಾನ್ಯ ಶ್ರುತಿಯಲ್ಲಿ ಬೇಸ್ ಗಿಟಾರಿನ ಅತಿ ಮಂದ್ರ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಗಿಟಾರಿನ ಅತಿ ಮಂದ್ರ ತಂತಿ ಅದರ ಎರಡರಷ್ಟು, ಅಂದರೆ ಸುಮಾರು 82 ಬಾರಿ. ಕಾಲಿನಿಂದ ಬಡಿಯುವ ಕಿಕ್ ಡ್ರಮ್ಮಿನ ಗುದ್ದು ಇದೇ ಪ್ರದೇಶದಲ್ಲಿ ಬೀಳುತ್ತದೆ. ಇನ್ನು ಮಾತಿನ ಸ್ಪಷ್ಟತೆಗೆ ಬೇಕಾದ ವ್ಯಂಜನಗಳು ಸ್ಥೂಲವಾಗಿ 2,000ದಿಂದ 5,000 ಹರ್ಟ್ಸ್ (ಸೆಕೆಂಡಿಗೆ ಕಂಪನಗಳು) ನಡುವೆ ಇರುತ್ತವೆ, ಮತ್ತು ಡಿಸ್ಟಾರ್ಷನ್ (ಸದ್ದನ್ನು ಬೇಕೆಂದೇ ಒಡೆದು ಒರಟಾಗಿಸುವುದು) ಹಾಕಿದ ಗಿಟಾರ್ ತನ್ನ ಕಚ್ಚುವ ಗುಣವನ್ನು ಪಡೆಯುವುದೂ ಅಲ್ಲಿಂದಲೇ. ಹೀಗಾಗಿ ಗಾಯಕರು ಹಾಡುತ್ತಿರುವಾಗ ಎರಡು ಗಿಟಾರ್‌ಗಳು ಪೂರ್ತಿ ಡಿಸ್ಟಾರ್ಷನ್‌ನಲ್ಲಿ ಎಡೆಬಿಡದೆ ನುಡಿದರೆ ಸಾಹಿತ್ಯ ಮುಳುಗುವುದು ಅನಿವಾರ್ಯ. ಅದು ಗಾಯಕರ ದೋಷವೂ ಅಲ್ಲ, ಎಂಜಿನಿಯರ್ ದೋಷವೂ ಅಲ್ಲ. ಒಂದು ಗಿಟಾರ್ ಮೇಲಿನ ಸ್ವರಗಳಿಗೆ ಸರಿದು ಇನ್ನೊಂದು ಕೆಳಗಿನ ಸ್ವರಗಳಲ್ಲಿ ಉಳಿದರೆ, ಅಥವಾ ಚರಣದಲ್ಲಿ ಒಂದು ಗಿಟಾರ್ ಸುಮ್ಮನಾಗಿ ಕೋರಸ್‌ಗೆ ಮರಳಿದರೆ, ಯಾವ ಯಂತ್ರದ ನೆರವೂ ಇಲ್ಲದೆ ಜಾಗ ಬಿಡುಗಡೆಯಾಗುತ್ತದೆ. ಕೋರಸ್ ದೊಡ್ಡದಾಗಿ ಕೇಳಿಸುವುದು ಅದರ ಹಿಂದಿನ ಚರಣ ಚಿಕ್ಕದಾಗಿದ್ದುದರಿಂದಲೇ.

ಸಣ್ಣ ಅಭ್ಯಾಸ ಕೋಣೆಗಳು ಬೇಸ್ ವಿಷಯದಲ್ಲಿ ಬ್ಯಾಂಡನ್ನು ದಾರಿತಪ್ಪಿಸುತ್ತವೆ ಎಂಬುದನ್ನೂ ಇಲ್ಲಿ ಹೇಳಬೇಕು. 41 ಹರ್ಟ್ಸ್ ಅಲೆಯ ಉದ್ದ ಎಂಟು ಮೀಟರಿಗಿಂತ ಹೆಚ್ಚು. ಅದಕ್ಕಿಂತ ಚಿಕ್ಕ ಕೋಣೆಯಲ್ಲಿ ಗೋಡೆಗಳಿಂದ ಹಿಂದಿರುಗುವ ಅಲೆಗಳು ಕೆಲವು ಸ್ವರಗಳನ್ನು ಮೂಲೆಯಲ್ಲಿ ಗುಡುಗಿಸುತ್ತವೆ, ಕೋಣೆಯ ನಡುವೆ ಬಹುತೇಕ ಅಳಿಸಿಹಾಕುತ್ತವೆ. ಬೇಸ್ ನುಡಿಸುವವರು ನಿಂತ ಜಾಗದಲ್ಲಿ ಕೇಳಿಸಿದ್ದನ್ನು ನಂಬಿ ಆಂಪ್‌ನ (ವಾದ್ಯದ ಸದ್ದನ್ನು ಹೆಚ್ಚಿಸುವ ಪೆಟ್ಟಿಗೆಯ) ಗುಂಡಿಗಳನ್ನು ತಿರುಗಿಸಿದರೆ ಆ ತೀರ್ಮಾನ ಬೇರೆ ಜಾಗದಲ್ಲಿ ನಿಲ್ಲುವುದಿಲ್ಲ. ಅಭ್ಯಾಸವನ್ನು ಫೋನಿನಲ್ಲೇ ರೆಕಾರ್ಡ್ ಮಾಡಿ ಮರುದಿನ ಹೆಡ್‌ಫೋನ್‌ನಲ್ಲಿ ಕೇಳುವ ರೂಢಿ, ಬೇಸ್ ನಿಜವಾಗಿ ಎಷ್ಟಿದೆ ಎಂದು ತಿಳಿಸದಿದ್ದರೂ, ಯಾರು ಯಾರ ಮೇಲೆ ಹತ್ತಿ ಕುಳಿತಿದ್ದಾರೆ ಎಂಬುದನ್ನು ಖಚಿತವಾಗಿ ತಿಳಿಸುತ್ತದೆ.

ಶ್ರುತಿ ಮತ್ತು ವೇಗದ ವಿಷಯದಲ್ಲಿ ರಿಫ್ ಅನ್ನು ಕಂಡುಹಿಡಿದ ಗಿಟಾರ್ ವಾದಕರ ಅನುಕೂಲವೇ ಗೆಲ್ಲುವುದು ಸಾಮಾನ್ಯ. ಇದು ತಪ್ಪು ಕ್ರಮವೆಂಬುದು ನನ್ನ ದೃಢವಾದ ಅಭಿಪ್ರಾಯ. ಗಿಟಾರಿಗೆ ಶ್ರುತಿ ಬದಲಿಸಲು ಹಲವು ದಾರಿಗಳಿವೆ, ಮನುಷ್ಯರ ಗಂಟಲಿಗೆ ಇಲ್ಲ. ವೇಗವನ್ನು ಕೂಡ ಸಾಹಿತ್ಯದಿಂದ ಅಳೆಯಬೇಕು. ನಿಮಿಷಕ್ಕೆ 120 ಬಡಿತಗಳ ವೇಗದಲ್ಲಿ ನಾಲ್ಕು ನಿಮಿಷ ನಡೆಯುವ ಹಾಡು ವೇದಿಕೆಯ ಉತ್ಸಾಹದಲ್ಲಿ 126ಕ್ಕೆ ಏರಿದರೆ ಹನ್ನೊಂದು ಸೆಕೆಂಡ್ ಬೇಗ ಮುಗಿಯುತ್ತದೆ. ಕೇಳಲು ಇದು ಅಲ್ಪವೆನಿಸುತ್ತದೆ. ಆದರೆ ಒತ್ತೊತ್ತಾಗಿ ಮಾತುಗಳಿರುವ ಚರಣದಲ್ಲಿ ಉಸಿರು ತೆಗೆದುಕೊಳ್ಳಲು ಇದ್ದ ಜಾಗ ಅಷ್ಟರಲ್ಲೇ ಮಾಯವಾಗಿರುತ್ತದೆ.

ಹಾಡು ಯಾರದು

ಸ್ನೇಹದಿಂದ ಕೂಡಿದ ಬ್ಯಾಂಡುಗಳು ಮಾತನಾಡಲು ಸಂಕೋಚಪಡುವ ವಿಷಯ ಇದು. ಒಂದು ಹಾಡಿನಲ್ಲಿ ಎರಡು ಬೇರೆ ಬೇರೆ ಹಕ್ಕುಗಳಿವೆ. ಮೊದಲನೆಯದು ಕೃತಿಯ ಹಕ್ಕು, ಅಂದರೆ ಧಾಟಿ ಮತ್ತು ಸಾಹಿತ್ಯದ್ದು. ಅದನ್ನು ಯಾರೇ ಹಾಡಿದರೂ ಈ ಹಕ್ಕು ಬರೆದವರಿಗೆ ಸೇರುತ್ತದೆ. ಎರಡನೆಯದು ಧ್ವನಿಮುದ್ರಿಕೆಯ ಹಕ್ಕು, ಅಂದರೆ ಒಂದು ದಿನ ಒಂದು ಕೋಣೆಯಲ್ಲಿ ಹಿಡಿದಿಟ್ಟ ಆ ನಿರ್ದಿಷ್ಟ ಧ್ವನಿಯದ್ದು. ಇನ್ನೊಂದು ತಂಡ ನಿಮ್ಮ ಹಾಡನ್ನು ತಾನೇ ಹಾಡಿ ರೆಕಾರ್ಡ್ ಮಾಡಿದರೆ ಅದಕ್ಕೆ ಮೊದಲನೆಯ ಹಕ್ಕಿನ ಅನುಮತಿ ಮಾತ್ರ ಬೇಕು. ನಿಮ್ಮ ಮುದ್ರಿಕೆಯನ್ನೇ ಒಂದು ಸಿನಿಮಾದಲ್ಲಿ ಬಳಸುವುದಾದರೆ ಎರಡೂ ಬೇಕು. 1886ರ ಬರ್ನ್ ಒಪ್ಪಂದದ ಚೌಕಟ್ಟಿನಲ್ಲಿರುವ ದೇಶಗಳಲ್ಲಿ ಕೃತಿಸ್ವಾಮ್ಯ ಹುಟ್ಟಲು ನೋಂದಣಿ ಕಡ್ಡಾಯವಲ್ಲ, ಮತ್ತು ಕೃತಿಯ ರಕ್ಷಣೆ ಬರೆದವರ ಜೀವಿತಾವಧಿ ಮತ್ತು ಅದರ ನಂತರ ಕನಿಷ್ಠ 50 ವರ್ಷಗಳವರೆಗೆ ಇರಬೇಕು. ಅಷ್ಟು ದೀರ್ಘಕಾಲ ಬಾಳುವ ಆಸ್ತಿಯ ಬಗ್ಗೆ ಬಾಯಿಮಾತು ಸಾಲದು. ಧಾಟಿ ಮತ್ತು ಸಾಹಿತ್ಯ ಬರೆದವರಿಗೆ ಮಾತ್ರ ಕೃತಿಯ ಪಾಲೋ, ಡ್ರಮ್ಸ್ ನುಡಿಸಿ ಹಾಡಿಗೆ ಆಕಾರ ಕೊಟ್ಟವರಿಗೂ ಸಮಪಾಲೋ ಎಂಬುದನ್ನು ಹಾಡು ಕಟ್ಟಿದ ವಾರದಲ್ಲೇ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಬೇಕು. ಎರಡೂ ಪದ್ಧತಿಗಳು ನ್ಯಾಯವಾಗಿರಬಲ್ಲವು. ಹಾಡು ಹೆಸರು ಮಾಡಿದ ಮೇಲೆ ಈ ಮಾತು ಎತ್ತಿದರೆ ಮಾತ್ರ ಎರಡೂ ಅನ್ಯಾಯವಾಗಿ ಕಾಣುತ್ತವೆ.

ರೆಕಾರ್ಡಿಂಗ್: ಒಟ್ಟಾಗಿಯೋ, ಒಬ್ಬೊಬ್ಬರಾಗಿಯೋ

ರೆಕಾರ್ಡಿಂಗ್ ಯೋಜನೆಯ ಮೊದಲ ಕವಲು ಇದು. 1963ರ ಫೆಬ್ರವರಿ 11ರಂದು ಬೀಟಲ್ಸ್ ಲಂಡನ್ನಿನ ಇ.ಎಂ.ಐ. ಸ್ಟುಡಿಯೊದಲ್ಲಿ ತಮ್ಮ ಮೊದಲ ಆಲ್ಬಮ್ಮಿನ ಹತ್ತು ಹಾಡುಗಳನ್ನು ಒಂದೇ ದಿನದಲ್ಲಿ, ಎರಡೇ ಟ್ರ್ಯಾಕ್‌ಗಳ (ಧ್ವನಿಯನ್ನು ಬೇರೆ ಬೇರೆಯಾಗಿ ಹಿಡಿಯುವ ಪಟ್ಟಿಗಳ) ಯಂತ್ರದಲ್ಲಿ ಮುಗಿಸಿದರು. ಅದು ಸಾಧ್ಯವಾದದ್ದು ಆ ಹಾಡುಗಳಲ್ಲಿ ಹೆಚ್ಚಿನವನ್ನು ಅವರು ಆಗಲೇ ವೇದಿಕೆಯಲ್ಲಿ ಹಾಡಿ ಹಾಡಿ ಪಳಗಿಸಿಕೊಂಡಿದ್ದರಿಂದ. ನೆಗಡಿಯಾಗಿದ್ದ ಗಾಯಕನ ಗಂಟಲನ್ನು ಹರಿದುಹಾಕುವಂಥ ಹಾಡನ್ನು ಬೇಕೆಂದೇ ರಾತ್ರಿ ಕೊನೆಯದಾಗಿ ಇಟ್ಟುಕೊಂಡರು. ಯೋಜನೆ ಎಂದರೆ ಇಂಥ ವಿವೇಕವೂ ಹೌದು. ಇನ್ನೊಂದು ದಾರಿಗೆ ಬೀಜ ಬಿತ್ತಿದವರು ಗಿಟಾರ್ ವಾದಕ ಲೆಸ್ ಪಾಲ್. ಒಂದರ ಮೇಲೊಂದು ಧ್ವನಿಯನ್ನು ಪೇರಿಸುವ ಪ್ರಯೋಗಗಳನ್ನು ವರ್ಷಗಳಿಂದ ನಡೆಸುತ್ತಿದ್ದ ಅವರಿಗೆ 1957ರಲ್ಲಿ ಆಂಪೆಕ್ಸ್ ಕಂಪನಿ ಎಂಟು ಟ್ರ್ಯಾಕ್‌ಗಳ ಯಂತ್ರವೊಂದನ್ನು ಮಾಡಿಕೊಟ್ಟಿತು. ಡ್ರಮ್ಸ್ ಇಂದು, ಗಿಟಾರ್ ನಾಳೆ, ಗಾಯನ ಮುಂದಿನ ವಾರ ಎಂಬ ಇಂದಿನ ಪದ್ಧತಿ ಅಲ್ಲಿಂದ ಬೆಳೆದು ಬಂದಿದೆ, ಮತ್ತು ಇಂದು ಒಂದು ಲ್ಯಾಪ್‌ಟಾಪ್ ಆ ಯಂತ್ರಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಟ್ರ್ಯಾಕ್‌ಗಳನ್ನು ಹೊರಬಲ್ಲದು.

ಎಲ್ಲರೂ ಒಟ್ಟಾಗಿ ನುಡಿಸಿದಾಗ ಒಬ್ಬರ ಉಸಿರಿಗೆ ಇನ್ನೊಬ್ಬರು ಸ್ಪಂದಿಸುತ್ತಾರೆ, ಕೋರಸ್‌ಗೆ ಹೋಗುವಾಗ ಲಯ ಕೂದಲೆಳೆಯಷ್ಟು ಮುಂದಕ್ಕೆ ಬಾಗುತ್ತದೆ, ಹಾಡಿಗೆ ಜೀವ ಬರುತ್ತದೆ. ಅದರ ಬೆಲೆಯೆಂದರೆ ಡ್ರಮ್ಸ್‌ನ ಸದ್ದು ಎಲ್ಲ ಮೈಕ್‌ಗಳಿಗೂ ಸೋರುತ್ತದೆ, ಆದ್ದರಿಂದ ಒಬ್ಬರು ತಪ್ಪಿದರೆ ಅವರ ಭಾಗವನ್ನಷ್ಟೇ ಅಳಿಸಿ ಸರಿಪಡಿಸುವುದು ಕಷ್ಟ. ಒಬ್ಬೊಬ್ಬರಾಗಿ ನುಡಿಸಿದಾಗ ಪ್ರತಿ ಭಾಗ ಸ್ವಚ್ಛವಾಗಿರುತ್ತದೆ, ಆದರೆ ಎಲ್ಲರೂ ಮೆಟ್ರೊನೋಮ್ ಕ್ಲಿಕ್‌ಗೆ (ಲಯ ತಪ್ಪದಂತೆ ಕಿವಿಗೆ ಕೊಡುವ ಟಿಕ್ ಸದ್ದಿಗೆ) ಕಟ್ಟುಬೀಳಬೇಕಾಗುತ್ತದೆ. ನಾಲ್ಕೈದು ಜನರ ರಾಕ್ ಬ್ಯಾಂಡಿಗೆ ನಡುದಾರಿಯೇ ಹೊಂದುತ್ತದೆಂದು ನನಗನಿಸುತ್ತದೆ: ಡ್ರಮ್ಸ್, ಬೇಸ್ ಮತ್ತು ಒಂದು ಗಿಟಾರ್ ಒಟ್ಟಾಗಿ, ಒಬ್ಬರಿಗೊಬ್ಬರು ಕಾಣುವಂತೆ ನಿಂತು, ಆಂಪ್‌ಗಳನ್ನು ಮಾತ್ರ ಬೇರೆ ಕೋಣೆಯಲ್ಲಿಟ್ಟು ನುಡಿಸುವುದು, ಗಾಯಕರು ದಾರಿ ತೋರಿಸಲು ಹಾಡುತ್ತಾರೆ, ಆ ಗಾಯನವನ್ನು ಆಮೇಲೆ ಬದಲಿಸಲಾಗುತ್ತದೆ. ಅಡಿಪಾಯಕ್ಕೆ ಜೀವ ಬಂದ ಮೇಲೆ ಎರಡನೆಯ ಗಿಟಾರ್, ಗಾಯನ, ಹಿನ್ನೆಲೆ ದನಿಗಳನ್ನು ಮೇಲೆ ಸೇರಿಸಬಹುದು. ಕ್ಲಿಕ್ ಬೇಕೇ ಬೇಡವೇ ಎಂಬ ವಾದಕ್ಕೆ ಒಂದೇ ಉತ್ತರವಿಲ್ಲ. ಆದರೆ ಕ್ಲಿಕ್ ಬಳಸುವುದಾದರೆ ಡ್ರಮ್ಸ್ ನುಡಿಸುವವರು ಸ್ಟುಡಿಯೊದಲ್ಲಿ ಅದನ್ನು ಮೊದಲ ಸಲ ಕೇಳುವಂತಾಗಬಾರದು. ತಿಂಗಳ ಮೊದಲೇ ಅಭ್ಯಾಸದಲ್ಲಿ ಅದು ಬಂದಿರಬೇಕು.

ಡ್ರಮ್ಸ್ ರೆಕಾರ್ಡಿಂಗ್ ಬಹುಪಾಲು ಬ್ಯಾಂಡುಗಳು ಎಡವುವ ಜಾಗವಾದ್ದರಿಂದ ಅಲ್ಲಿ ಸ್ವಲ್ಪ ನಿಲ್ಲಬೇಕು. ಕೋಣೆಯ ಉಷ್ಣತೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ, ಅಂದರೆ 34 ಸೆಂಟಿಮೀಟರ್ ದಾಟಲು ಒಂದು ಮಿಲಿಸೆಕೆಂಡ್ ಬೇಕು. ಸ್ನೇರ್ ಡ್ರಮ್ಮಿಗೆ ಒತ್ತಿಟ್ಟ ಮೈಕ್ ಆ ಪೆಟ್ಟನ್ನು ತಕ್ಷಣ ಕೇಳಿದರೆ, ತಲೆಯ ಮೇಲೆ ತೂಗುವ ಮೈಕ್ ಎರಡು ಮೂರು ಮಿಲಿಸೆಕೆಂಡ್ ತಡವಾಗಿ ಕೇಳುತ್ತದೆ. ಎರಡನ್ನೂ ಕೂಡಿಸಿದಾಗ ಕೆಲವು ಆವರ್ತನಗಳಲ್ಲಿ ಒಂದರ ಏರು ಇನ್ನೊಂದರ ಇಳಿತಕ್ಕೆ ಸರಿಯಾಗಿ ಬಿದ್ದು ಪರಸ್ಪರ ಅಳಿಸಿಹೋಗುತ್ತವೆ. ವ್ಯತ್ಯಾಸ ಒಂದು ಮಿಲಿಸೆಕೆಂಡ್ ಇದ್ದರೆ 500 ಹರ್ಟ್ಸ್‌ನಲ್ಲಿ, ಮತ್ತೆ 1,500ರಲ್ಲಿ, 2,500ರಲ್ಲಿ ಹೀಗೆ ಗುಂಡಿಗಳು ಬೀಳುತ್ತವೆ. ಇದನ್ನೇ ಸ್ಟುಡಿಯೊದವರು ಫೇಸ್ ತೊಂದರೆ ಎನ್ನುತ್ತಾರೆ, ಮತ್ತು ಬಿಡಿಬಿಡಿಯಾಗಿ ಗಟ್ಟಿಯಾಗಿದ್ದ ಡ್ರಮ್ಸ್ ಒಟ್ಟಿಗೆ ಕೇಳಿದಾಗ ತೆಳ್ಳಗಾಗಲು ಸಾಮಾನ್ಯವಾಗಿ ಇದೇ ಕಾರಣ. ಪರಿಹಾರಕ್ಕೆ ಬೇಕಾಗಿರುವುದು ಒಂದು ಅಳತೆಪಟ್ಟಿ. ಮೇಲಿನ ಎರಡೂ ಮೈಕ್‌ಗಳು ಸ್ನೇರ್‌ನ ನಡುವಿನಿಂದ ಸಮಾನ ದೂರದಲ್ಲಿದ್ದರೆ ಪೆಟ್ಟು ಎರಡಕ್ಕೂ ಒಂದೇ ಗಳಿಗೆಯಲ್ಲಿ ತಲುಪುತ್ತದೆ. ಅಕ್ಕಪಕ್ಕದ ಎರಡು ವಾದ್ಯಗಳಿಗೆ ಎರಡು ಮೈಕ್ ಇಡುವಾಗ, ಮೈಕ್ ತನ್ನ ವಾದ್ಯದಿಂದ ಇರುವ ದೂರದ ಕನಿಷ್ಠ ಮೂರು ಪಟ್ಟು ದೂರ ಆ ಎರಡು ಮೈಕ್‌ಗಳ ನಡುವೆ ಇರಬೇಕೆಂಬ ಹಳೆಯ ನಿಯಮವೂ ಇದೇ ಕಾರಣಕ್ಕೆ ಹುಟ್ಟಿದೆ.

ಮೈಕ್ ವಿಷಯದಲ್ಲಿ ದುಬಾರಿಯದ್ದೇ ಬೇಕೆಂಬ ಆತಂಕ ಅನಗತ್ಯ. 1965ರಿಂದ ಮಾರುಕಟ್ಟೆಯಲ್ಲಿರುವ ಶೂರ್ ಎಸ್‌ಎಂ57 ಎಂಬ ಸರಳ ಡೈನಮಿಕ್ ಮೈಕ್ ಇಂದಿಗೂ ಗಿಟಾರ್ ಆಂಪ್ ಮತ್ತು ಸ್ನೇರ್‌ನ ಎದುರು ಎಲ್ಲೆಡೆ ಕಾಣಸಿಗುತ್ತದೆ. ಆಂಪ್‌ನ ಸ್ಪೀಕರ್ ಬಟ್ಟಲಿನ ನಟ್ಟನಡುವೆ ಇಟ್ಟರೆ ಚುಚ್ಚುವ ಸದ್ದು, ಅಂಚಿಗೆ ಸರಿಸಿದರೆ ಮೃದುವಾದ ಸದ್ದು. ಎರಡು ಬೆರಳಿನಷ್ಟು ಸರಿಸಿದರೆ ಆಗುವ ಬದಲಾವಣೆ ಆಮೇಲೆ ಈಕ್ವಲೈಜರ್‌ನಲ್ಲಿ (ಮಂದ್ರ, ತಾರ ಧ್ವನಿಗಳನ್ನು ಏರಿಳಿಸುವ ಸಾಧನದಲ್ಲಿ) ಅರ್ಧ ಗಂಟೆ ಹೆಣಗಿದರೂ ಬರುವುದಿಲ್ಲ. ಅಭ್ಯಾಸದಲ್ಲಿ ಇಷ್ಟವಾಗುವಷ್ಟು ಡಿಸ್ಟಾರ್ಷನ್ ಅನ್ನು ರೆಕಾರ್ಡಿಂಗ್‌ನಲ್ಲಿ ತುಸು ಇಳಿಸಬೇಕೆಂಬುದು ಅನುಭವಸ್ಥರೆಲ್ಲರೂ ಹೇಳುವ ಮಾತು. ಡಿಸ್ಟಾರ್ಷನ್ ಅಲೆಯ ಶಿಖರಗಳನ್ನು ಕತ್ತರಿಸುವುದರಿಂದ ಮೀಟಿನ ಆರಂಭದ ಪೆಟ್ಟು ಮಸುಕಾಗುತ್ತದೆ. ಅದೇ ಭಾಗವನ್ನು ಎರಡು ಸಲ ನುಡಿಸಿ ಎಡಕ್ಕೊಂದು ಬಲಕ್ಕೊಂದು ಇಟ್ಟಾಗ ಮಸುಕು ಇಮ್ಮಡಿಯಾಗಿ ಗಿಟಾರ್ ದೊಡ್ಡದಾಗುವ ಬದಲು ದೂರ ಸರಿದಂತೆ ಕೇಳುತ್ತದೆ. ಒಬ್ಬರೇ ಗಿಟಾರ್ ವಾದಕರಿರುವ ಬ್ಯಾಂಡ್ ಹೀಗೆ ಇಮ್ಮಡಿ ಗಿಟಾರ್ ರೆಕಾರ್ಡ್ ಮಾಡುವ ಮೊದಲು ವೇದಿಕೆಯಲ್ಲಿ ಆ ಅಗಲವನ್ನು ಯಾರು ತುಂಬುತ್ತಾರೆಂದು ತನ್ನನ್ನೇ ಕೇಳಿಕೊಳ್ಳಬೇಕು.

ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡುವಾಗ 24 ಬಿಟ್ ಆಯ್ಕೆಯಾಗಿರಲಿ. ಸಿಡಿಯ 16 ಬಿಟ್‌ಗೆ ಸೈದ್ಧಾಂತಿಕವಾಗಿ ಸುಮಾರು 96 ಡೆಸಿಬೆಲ್ ವ್ಯಾಪ್ತಿಯಿದ್ದರೆ 24 ಬಿಟ್‌ಗೆ 144 ಇದೆ. ಹಾಗಾಗಿ ಮಟ್ಟವನ್ನು ಕೆಂಪು ಗೆರೆಯವರೆಗೆ ಏರಿಸುವ ಅಗತ್ಯವೇ ಇಲ್ಲ. ಶಿಖರಗಳು ಮಿತಿಗಿಂತ ಹತ್ತು ಡೆಸಿಬೆಲ್ ಕೆಳಗಿದ್ದರೂ ಏನೂ ನಷ್ಟವಾಗುವುದಿಲ್ಲ, ಆದರೆ ಮಿತಿ ದಾಟಿ ಒಡೆದ ಧ್ವನಿಯನ್ನು ಮರಳಿ ಪಡೆಯುವುದು ಬಹಳ ಕಷ್ಟ. ಹೆಡ್‌ಫೋನ್‌ನಲ್ಲಿ ತನ್ನ ದನಿ ತನಗೇ ತಡವಾಗಿ ಕೇಳಿಸುತ್ತಿದೆಯೆಂದು ಗಾಯಕರು ಹೇಳಿದರೆ ಅದು ಅವರ ಭ್ರಮೆಯಲ್ಲ. ಸೆಕೆಂಡಿಗೆ 48,000 ಧ್ವನಿ ಮಾದರಿಗಳನ್ನು ತೆಗೆಯುವಾಗ 1,024 ಮಾದರಿಗಳ ಬಫರ್ (ಕಂಪ್ಯೂಟರ್ ಧ್ವನಿಯನ್ನು ಕ್ಷಣಕಾಲ ಕೂಡಿಟ್ಟುಕೊಳ್ಳುವ ಜಾಗ) ಒಂದು ದಿಕ್ಕಿನಲ್ಲೇ 21 ಮಿಲಿಸೆಕೆಂಡ್ ತಡಮಾಡುತ್ತದೆ. ಅದನ್ನು 128ಕ್ಕೆ ಇಳಿಸಿದರೆ ತಡ ಮೂರು ಮಿಲಿಸೆಕೆಂಡಿಗಿಂತ ಕಡಿಮೆಯಾಗುತ್ತದೆ. ಗಾಯನಕ್ಕೆ ದಿನದ ಕೊನೆಯ ಉಳಿದ ಒಂದು ಗಂಟೆಯನ್ನು ಕೊಡುವ ಕೆಟ್ಟ ರೂಢಿಯನ್ನೂ ಕೈಬಿಡಬೇಕು. ಕೇಳುಗರು ಮೊದಲು ಹಿಡಿಯುವುದು ದನಿಯನ್ನು. ಅದಕ್ಕೆ ಪ್ರತ್ಯೇಕ ದಿನ, ಮತ್ತು ಒಂದು ದಿನಕ್ಕೆ ಎರಡು ಮೂರು ಹಾಡುಗಳಿಗಿಂತ ಹೆಚ್ಚು ಬೇಡ.

ಮಿಕ್ಸಿಂಗ್ ಎಂದರೆ ಈ ಎಲ್ಲ ಟ್ರ್ಯಾಕ್‌ಗಳ ಪರಸ್ಪರ ಮಟ್ಟ, ಸ್ಥಾನ ಮತ್ತು ಬಣ್ಣವನ್ನು ಹೊಂದಿಸುವುದು. ಮಾಸ್ಟರಿಂಗ್ ಎಂದರೆ ಸಿದ್ಧವಾದ ಹಾಡುಗಳನ್ನು ಒಂದರ ಪಕ್ಕ ಒಂದಿಟ್ಟು ಒಂದೇ ಸಂಕಲನದವೆಂದು ಅನಿಸುವಂತೆ ಮಾಡುವುದು. ಮಾಸ್ಟರಿಂಗ್‌ನಲ್ಲಿ ಬ್ಯಾಂಡುಗಳು ಇಟ್ಟುಕೊಳ್ಳುವ ಸಾಮಾನ್ಯ ಬೇಡಿಕೆ ‘ಇನ್ನೂ ಜೋರಾಗಿ’ ಎಂಬುದು. 2006ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಕಿವಿಗೆ ಅನಿಸುವ ಗಟ್ಟಿತನವನ್ನು ಅಳೆಯುವ ಮಾನದಂಡವೊಂದನ್ನು ಪ್ರಕಟಿಸಿದ ಮೇಲೆ ಈ ಬೇಡಿಕೆಯ ಅರ್ಥವೇ ಬದಲಾಗಿದೆ. ಆ ಮಾನದಂಡದಿಂದ ಬಂದ ಎಲ್‌ಯುಎಫ್‌ಎಸ್ ಅಳತೆಯಲ್ಲಿ ಸ್ಪಾಟಿಫೈ ತನ್ನ ಸಾಮಾನ್ಯ ಹೊಂದಿಕೆಯಲ್ಲಿ ಹಾಡುಗಳನ್ನು ಮೈನಸ್ 14ಕ್ಕೆ ತಂದು ನುಡಿಸುತ್ತದೆ. ಹಿಂಡಿ ಹಿಂಡಿ ಮೈನಸ್ 8ಕ್ಕೆ ಏರಿಸಿದ ಹಾಡನ್ನು ಅದು ಆರು ಡೆಸಿಬೆಲ್ ಇಳಿಸಿಬಿಡುತ್ತದೆ. ಗಟ್ಟಿತನ ಹೋಗುತ್ತದೆ, ಹಿಂಡಿದ್ದರಿಂದ ಡ್ರಮ್ಸ್‌ಗೆ ಆದ ಹಾನಿ ಮಾತ್ರ ಉಳಿಯುತ್ತದೆ.

ಬಿಡುಗಡೆಯ ವಿಷಯ ಇಷ್ಟು ದೀರ್ಘವಾಗಿ ಹೇಳುವಂಥದ್ದಲ್ಲ. ಹೊಸ ಬ್ಯಾಂಡಿಗೆ ಹನ್ನೆರಡು ಹಾಡುಗಳ ಆಲ್ಬಮ್‌ಗಿಂತ ನಾಲ್ಕೈದು ಹಾಡುಗಳ ಇ.ಪಿ. ಹೆಚ್ಚು ವಿವೇಕದ ಆಯ್ಕೆ. ವಿನೈಲ್ ತಟ್ಟೆ ತರುವ ಆಸೆಯಿದ್ದರೆ ಗಟ್ಟಿಯಾದ ರಾಕ್ ಸಂಗೀತಕ್ಕೆ ಹನ್ನೆರಡು ಇಂಚಿನ ತಟ್ಟೆಯ ಒಂದು ಬದಿಗೆ ಇಪ್ಪತ್ತು ನಿಮಿಷದ ಸುಮಾರಿಗೆ ನಿಲ್ಲಿಸಬೇಕು. ಹೆಚ್ಚಾದರೆ ಗೆರೆಗಳು ಒತ್ತೊತ್ತಾಗಿ ಮಟ್ಟ ಇಳಿಸಬೇಕಾಗುತ್ತದೆ, ಮತ್ತು ತಟ್ಟೆಯ ಒಳಭಾಗದಲ್ಲಿ ತಾರ ಧ್ವನಿಗಳು ಒರಟಾಗುವುದರಿಂದ ಬದಿಯ ಕೊನೆಗೆ ಮೆದುವಾದ ಹಾಡು ಬರುವುದು ಒಳ್ಳೆಯದು. ಸ್ಟ್ರೀಮಿಂಗ್‌ಗೆ ಪ್ರತಿ ಮುದ್ರಿಕೆಗೂ ಐ.ಎಸ್.ಆರ್.ಸಿ. ಎಂಬ ಹನ್ನೆರಡು ಅಕ್ಷರಾಂಕಗಳ ಗುರುತು ಬೇಕು. ಸ್ಪಾಟಿಫೈನ ಸಂಪಾದಕರ ಗಮನಕ್ಕೆ ಹಾಡನ್ನು ತರಬೇಕಾದರೆ ಬಿಡುಗಡೆಗೆ ಕನಿಷ್ಠ ಏಳು ದಿನ ಮೊದಲು ಸಲ್ಲಿಸಿರಬೇಕು. ಮತ್ತು 2024ರಿಂದ, ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಬಾರಿಯೂ ಕೇಳಲ್ಪಡದ ಹಾಡಿಗೆ ಅಲ್ಲಿ ಮುದ್ರಿಕೆಯ ರಾಯಲ್ಟಿ ಹುಟ್ಟುವುದಿಲ್ಲ. 2008ರಲ್ಲಿ ಆರಂಭವಾದ ಬ್ಯಾಂಡ್‌ಕ್ಯಾಂಪ್‌ನಂಥ ತಾಣದಲ್ಲಿ ಕೇಳುಗರು ಹಾಡನ್ನು ನೇರವಾಗಿ ಕೊಳ್ಳುತ್ತಾರೆ, ತಾಣ ಡಿಜಿಟಲ್ ಮಾರಾಟದಲ್ಲಿ ಸಾಮಾನ್ಯವಾಗಿ ಶೇ 15ರಷ್ಟನ್ನು ಇಟ್ಟುಕೊಳ್ಳುತ್ತದೆ. ಹತ್ತಾರು ನಿಷ್ಠಾವಂತ ಕೇಳುಗರಿರುವ ಬ್ಯಾಂಡಿಗೆ ಎರಡನೆಯ ದಾರಿಯೇ ಆಧಾರವಾಗುತ್ತದೆ, ಮೊದಲನೆಯದು ಹೊಸಬರು ಹುಡುಕಿ ಬರಲು ಇರುವ ಬಾಗಿಲಾಗುತ್ತದೆ.

ವೇದಿಕೆ

ಸಣ್ಣ ಸಭಾಂಗಣದಲ್ಲಿ ಇಡೀ ಬ್ಯಾಂಡಿನ ಗಟ್ಟಿತನವನ್ನು ನಿರ್ಧರಿಸುವುದು ಗಾಯಕರ ಮೈಕ್. ಮೈಕ್ ತಾನು ಹಿಡಿದ ಧ್ವನಿಯನ್ನೇ ಸ್ಪೀಕರಿನಿಂದ ಮತ್ತೆ ಕೇಳಿಸಿಕೊಂಡು, ಪ್ರತಿ ಸುತ್ತಿನಲ್ಲೂ ಅದು ಬೆಳೆಯುತ್ತಾ ಹೋದಾಗ ಕಿವಿಗಡಚಿಕ್ಕುವ ಕೂಗು ಹುಟ್ಟುತ್ತದೆ. ಆ ಕೂಗು ಬರುವ ಮಟ್ಟವೇ ಗಾಯನದ ಮೇಲ್ಮಿತಿ. ಡ್ರಮ್ಸ್ ಮತ್ತು ಆಂಪ್‌ಗಳು ಆ ಮಿತಿಯನ್ನು ದಾಟಿದರೆ ಸಾಹಿತ್ಯವನ್ನು ಮೇಲೆತ್ತಲು ಎಂಜಿನಿಯರ್ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಆದ್ದರಿಂದ ಸೌಂಡ್‌ಚೆಕ್‌ನಲ್ಲಿ, ಅಂದರೆ ಕಾರ್ಯಕ್ರಮಕ್ಕೆ ಮುನ್ನ ಧ್ವನಿ ಪರೀಕ್ಷಿಸುವಾಗ, ಮೊದಲು ಗಾಯನದ ಮಿತಿಯನ್ನು ಕಂಡುಕೊಂಡು ಉಳಿದೆಲ್ಲವನ್ನೂ ಅದರ ಕೆಳಗೆ ಹೊಂದಿಸುವುದು ಸರಿಯಾದ ಕ್ರಮ, ಹೆಚ್ಚಿನ ಬ್ಯಾಂಡುಗಳು ತಲೆಕೆಳಗಾಗಿ ಮಾಡಿದರೂ. ಸಾಮಾನ್ಯ ಗಾಯನದ ಮೈಕ್ ಹಿಂಬದಿಯ ಧ್ವನಿಗೆ ಕಿವುಡಾಗಿರುತ್ತದೆ, ಹಾಗಾಗಿ ಗಾಯಕರಿಗೆ ಅವರದೇ ದನಿ ಕೇಳಿಸುವ ಮಾನಿಟರ್ ಸ್ಪೀಕರನ್ನು ಅದರ ಬೆನ್ನಿನ ಕಡೆ ಇಡುತ್ತಾರೆ. ಮೈಕ್‌ನ ಜಾಲರಿಯನ್ನು ಅಂಗೈಯಿಂದ ಮುಚ್ಚಿ ಹಿಡಿದರೆ ಆ ಗುಣ ಹೋಗಿ ಅದು ಎಲ್ಲ ದಿಕ್ಕಿನಿಂದಲೂ ಕೇಳತೊಡಗುತ್ತದೆ. ಎಷ್ಟೋ ಸಲ ಕೂಗಿಗೆ ಈ ಭಂಗಿಯೇ ಕಾರಣ. ಗಿಟಾರ್ ವಾದಕರು ಮೊಣಕಾಲೆತ್ತರದ ಆಂಪ್ ಎದುರು ನಿಂತಾಗ ಅದರ ತಾರ ಧ್ವನಿಗಳು ಅವರ ಕಿವಿಗೆ ಬರದೆ ಮುಂದಿನ ಸಾಲಿನವರಿಗೆ ನೇರವಾಗಿ ಬಡಿಯುತ್ತವೆ. ಆಂಪನ್ನು ಎತ್ತರದಲ್ಲಿಟ್ಟರೆ ಅಥವಾ ಹಿಂದಕ್ಕೆ ವಾಲಿಸಿದರೆ ಅವರೇ ಅದನ್ನು ಇಳಿಸುತ್ತಾರೆ.

ಕಾರ್ಯಕ್ರಮಕ್ಕೆ ಒಂದು ವಾರ ಮೊದಲು ಆಯೋಜಕರಿಗೆ ಎರಡು ಹಾಳೆಗಳು ತಲುಪಿರಬೇಕು: ವೇದಿಕೆಯ ಮೇಲೆ ಯಾರು ಎಲ್ಲಿ ನಿಲ್ಲುತ್ತಾರೆ, ಎಲ್ಲಿ ವಿದ್ಯುತ್ ಬೇಕು ಎಂಬ ನಕ್ಷೆಯೊಂದು, ಎಷ್ಟು ಮೈಕ್, ಎಷ್ಟು ಡಿ.ಐ. ಪೆಟ್ಟಿಗೆ (ವಾದ್ಯವನ್ನು ನೇರವಾಗಿ ಧ್ವನಿ ವ್ಯವಸ್ಥೆಗೆ ಜೋಡಿಸುವ ಸಾಧನ) ಯಾವ ವಾದ್ಯಕ್ಕೆ ಬೇಕು ಎಂಬ ಪಟ್ಟಿಯೊಂದು. ಐವರಿರುವ ಅಪರಿಚಿತ ಬ್ಯಾಂಡಿಗೆ ಸಿಗುವ ಇಪ್ಪತ್ತು ನಿಮಿಷದ ಸೌಂಡ್‌ಚೆಕ್ ಸಮಯವನ್ನು ಈ ಎರಡು ಹಾಳೆಗಳೇ ಉಳಿಸುತ್ತವೆ.

ಕಿವಿಯ ಬಗ್ಗೆ ಮಾತನಾಡದೆ ಮುಂದೆ ಹೋಗಲಾರೆ. ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸಂಶೋಧನಾ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಸಹಿಸಬಹುದು; ಪ್ರತಿ ಮೂರು ಡೆಸಿಬೆಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಬರುವ ಹೊತ್ತಿಗೆ ಉಳಿಯುವುದು ಹದಿನೈದು ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ ಕೂಡ 2022ರ ತನ್ನ ಮಾನದಂಡದಲ್ಲಿ ಸಭಾಂಗಣಗಳಿಗೆ ಹದಿನೈದು ನಿಮಿಷದ ಸರಾಸರಿ 100 ಡೆಸಿಬೆಲ್ ಮೀರಬಾರದೆಂದು ಹೇಳಿದೆ. ಮುಚ್ಚಿದ ಕೋಣೆಯಲ್ಲಿ ಮೂರು ಗಂಟೆ ಅಭ್ಯಾಸ ಮಾಡುವ ಡ್ರಮ್ಸ್ ವಾದಕರು ಈ ಮಿತಿಯನ್ನು ವಾರಕ್ಕೆ ಹಲವು ಸಲ ದಾಟುತ್ತಾರೆ. ಎಲ್ಲ ಆವರ್ತನಗಳನ್ನೂ ಹೆಚ್ಚುಕಡಿಮೆ ಸಮವಾಗಿ ತಗ್ಗಿಸುವ ಸಂಗೀತಗಾರರ ಇಯರ್‌ಪ್ಲಗ್‌ಗಳು ಸಿಗುತ್ತವೆ. ಬ್ಯಾಂಡ್ ತನ್ನ ಹಣದಲ್ಲಿ ಮೊದಲು ಕೊಳ್ಳಬೇಕಾದ ವಸ್ತು ಅದೇ. ಹೋದ ಕಿವಿ ಮರಳಿ ಬರುವುದಿಲ್ಲ.

ಹಾಡುಗಳ ಸರಣಿಯನ್ನು ಜೋಡಿಸುವಾಗ ಭಾವದ ಏರಿಳಿತದ ಜೊತೆಗೆ ಕೈಕೆಲಸದ ಲೆಕ್ಕವೂ ಸೇರಬೇಕು. ಶ್ರುತಿ ಬದಲಿಸಬೇಕಾದ ಹಾಡುಗಳನ್ನು ಒಟ್ಟಿಗೆ ಇಟ್ಟರೆ ನಡುವಿನ ಮೌನ ಒಂದೇ ಸಲ ಬರುತ್ತದೆ. ಗಂಟಲಿಗೆ ಕಷ್ಟದ ಎರಡು ಹಾಡುಗಳ ನಡುವೆ ಸುಲಭದ್ದೊಂದು ಬರಬೇಕು. ಮೊದಲ ಹಾಡು ಸರಳವಾಗಿರಲಿ, ಏಕೆಂದರೆ ಎಂಜಿನಿಯರ್ ಆ ಹಾಡಿನ ಉದ್ದಕ್ಕೂ ಮಟ್ಟಗಳನ್ನು ಸರಿಪಡಿಸುತ್ತಿರುತ್ತಾರೆ. ಕೊಟ್ಟ ಅವಧಿ ಮೂವತ್ತು ನಿಮಿಷವಾಗಿದ್ದರೆ ಇಪ್ಪತ್ತಾರಕ್ಕೆ ಯೋಜಿಸಿ. ಸಮಯಕ್ಕೆ ಸರಿಯಾಗಿ ಇಳಿಯುವ ಬ್ಯಾಂಡನ್ನು ಆಯೋಜಕರೂ, ಮುಂದೆ ನುಡಿಸಲಿರುವ ತಂಡವೂ ನೆನಪಿಟ್ಟುಕೊಳ್ಳುತ್ತಾರೆ, ಮತ್ತು ಸ್ವತಂತ್ರ ಬ್ಯಾಂಡಿಗೆ ಮುಂದಿನ ಕಾರ್ಯಕ್ರಮ ಸಾಮಾನ್ಯವಾಗಿ ಇನ್ನೊಂದು ಬ್ಯಾಂಡಿನ ಆಹ್ವಾನವಾಗಿಯೇ ಬರುತ್ತದೆ. ಒಂದೇ ಜಾಗದಲ್ಲಿ ತಿಂಗಳಿಗೆ ಮೂರು ಸಲ ನುಡಿಸಿದರೆ ಅದೇ ಕೇಳುಗರು ಮೂರು ಪಾಲಾಗುತ್ತಾರೆ; ಅಂತರ ಬಿಟ್ಟು, ಪ್ರತಿ ಸಲ ಬೇರೆ ತಂಡದ ಜೊತೆ ನುಡಿಸಿದರೆ ಅವರ ಕೇಳುಗರು ನಿಮಗೂ ಸಿಗುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೆ, ಆರಂಭದಲ್ಲಿ ಹೇಳಿದ ಮೂರು ಮಾತುಗಳ ಕ್ರಮವನ್ನೇ ಬದಲಿಸಬೇಕೆಂಬುದು ನನ್ನ ಸಲಹೆ. ಹೊಸ ಹಾಡುಗಳನ್ನು ರೆಕಾರ್ಡ್ ಮಾಡಿ ಆಮೇಲೆ ವೇದಿಕೆಗೆ ಒಯ್ಯುವುದಕ್ಕಿಂತ, ಕನಿಷ್ಠ ಐದಾರು ಸಲ ವೇದಿಕೆಯಲ್ಲಿ ನುಡಿಸಿ ಆಮೇಲೆ ರೆಕಾರ್ಡ್ ಮಾಡುವುದು ಮೇಲು. ಸಭಿಕರ ಎದುರು ಹಾಡು ತನ್ನ ಸಡಿಲ ಜಾಗಗಳನ್ನು ತಾನೇ ತೋರಿಸುತ್ತದೆ. ಅಭ್ಯಾಸದ ಕೋಣೆಯಲ್ಲಿ ರೋಮಾಂಚನವೆನಿಸಿದ್ದ ಹದಿನಾರು ಬಾರ್‌ಗಳ (ತಾಳದ ಆವರ್ತಗಳ) ವಾದ್ಯಭಾಗದಲ್ಲಿ ಜನ ಪಕ್ಕದವರೊಡನೆ ಮಾತಿಗಿಳಿದರೆ, ಒಂಬತ್ತನೆಯ ಬಾರ್‌ನಿಂದ ಅದರಲ್ಲಿ ಹೊಸದೇನೂ ಇರಲಿಲ್ಲವೆಂದು ನುಡಿಸುತ್ತಿರುವವರಿಗೇ ಅರಿವಾಗುತ್ತದೆ. ಕಾರ್ಯಕ್ರಮದ ರೆಕಾರ್ಡಿಂಗ್ ಅನ್ನು ಎರಡು ದಿನ ಬಿಟ್ಟು, ಉತ್ಸಾಹವೂ ನಿರಾಶೆಯೂ ಇಳಿದ ಮೇಲೆ ಎಲ್ಲರೂ ಒಟ್ಟಿಗೆ ಕುಳಿತು ಕೇಳಬೇಕು. ಮುಂದಿನ ಅಭ್ಯಾಸದಲ್ಲಿ ಆ ಹದಿನಾರು ಎಂಟಾಗುತ್ತದೆ, ಮತ್ತು ಸ್ಟುಡಿಯೊಗೆ ಹೋಗುವುದು ಆ ಎಂಟು ಬಾರ್‌ಗಳ ಹಾಡು.